ಹಾಡು 4 ನಿಮಿಷ, ಮಗ್ಗದ ಲೆಕ್ಕ ಬೇರೆ: ಇಳಕಲ್ಲಿನ ಒಂದು ಮ್ಯೂಸಿಕ್ ವಿಡಿಯೊ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ತಂಡ ತನ್ನ ಹಾಡಿಗೆ ವಿಡಿಯೊ ಮಾಡಿದ ಪ್ರಕರಣ ಇದು. ಅವರಿಗೆ ಶೂಟಿಂಗ್ ಸ್ಕ್ರಿಪ್ಟ್ ಬರೆದುಕೊಟ್ಟವನು ನಾನು. ತಂಡದವರನ್ನೂ ನೇಕಾರರ ಮನೆಯವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಯಾರ ಹೆಸರೂ, ಯಾವ ಓಣಿಯೂ, ಹಾಡಿನ ಒಂದು ಸಾಲೂ ಇಲ್ಲಿ ಬರುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ಕೆಲಸ ನಡೆದ ರೀತಿ ಮಾತ್ರ ಇದ್ದದ್ದು ಇದ್ದಂತೆಯೇ ಇದೆ.

ಹಿನ್ನೆಲೆ

ನಮ್ಮ ಕಡೆ ಜಾನಪದ ಧಾಟಿಯ ಹಾಡುಗಳು ವಾರಕ್ಕೆ ಎಷ್ಟು ಬರುತ್ತವೆ ಅಂತ ನಿಮಗೆ ಗೊತ್ತೇ ಇದೆ. ಬಹಳಷ್ಟು ವಿಡಿಯೊಗಳು ಒಂದೇ ದಿನದಲ್ಲಿ ಮುಗಿಯುತ್ತವೆ. ಒಂದು ಹೊಲ, ಒಂದು ಬೈಕು, ನಾಲ್ಕು ಸ್ಟೆಪ್ಪು, ಡ್ರೋನ್ ಇದ್ದರೆ ಇನ್ನೆರಡು ಶಾಟ್. ಅದರಲ್ಲಿ ತಪ್ಪೇನಿಲ್ಲ. ಈ ತಂಡವೂ ಅಂಥವನ್ನು ಮಾಡಿಯೇ ಕೈ ಪಳಗಿಸಿಕೊಂಡಿತ್ತು. ಪೇಪರ್ ಮೇಲೆ ಏನನ್ನೂ ಬರೆಯದೆ, ಸ್ಥಳಕ್ಕೆ ಹೋಗಿ, ಹೊಳೆದದ್ದನ್ನು ತೆಗೆದುಕೊಂಡು ಬರುವುದು ಅವರ ರೂಢಿ.

ಈ ಹಾಡು ಹಾಗೆ ಮಾಡುವಂಥದ್ದಾಗಿರಲಿಲ್ಲ. ಮಗಳ ಮದುವೆಗೆ ಅವ್ವ ತಾನೇ ಇಳಕಲ್ ಸೀರೆ ನೇಯುತ್ತಾಳೆ, ಮಗಳು ಅದನ್ನು ನೋಡುತ್ತ ಹಾಡುತ್ತಾಳೆ. ನಿಧಾನದ ಧಾಟಿ. ಕುಣಿತ ಇಲ್ಲ. ಹಾಡಿನಲ್ಲಿ ಮಗ್ಗ ಇದೆ, ಜೋಳದ ತೆನೆ ಇದೆ, ಕೊನೆಗೆ ತವರು ಬಿಡುವ ನೋವಿದೆ. ಗಾಯಕಿಯೇ ಮಗಳ ಪಾತ್ರ ಮಾಡುವುದು, ಅವ್ವನ ಪಾತ್ರಕ್ಕೆ ವೃತ್ತಿ ನಾಟಕ ಕಂಪನಿಯ ಒಬ್ಬ ಹಿರಿಯ ಕಲಾವಿದೆ. ದುಡ್ಡು ಹಾಕುವವರು ಗಾಯಕಿಯ ಅಣ್ಣ. ಅವರು ಸ್ಪಷ್ಟವಾಗಿ ಹೇಳಿದ್ದರು: ಶೂಟಿಂಗ್ ಎರಡು ದಿನ, ಬಿಡುಗಡೆ ಯುಗಾದಿಗೆ.

ನಿರ್ದೇಶಕ ಚಿತ್ರಕಲೆ ಕಲಿತ ಹುಡುಗ. ಹಾಡು ರೆಕಾರ್ಡ್ ಆಗುತ್ತಲೇ ಕೂತು ಸ್ಟೋರಿಬೋರ್ಡ್ ಬರೆದಿದ್ದ. ಡ್ರಾಯಿಂಗ್ ಪುಸ್ತಕದ ತುಂಬ ಚೌಕಗಳು, ಒಂದೊಂದಕ್ಕೂ ಬಣ್ಣ. ಬೆಳಕು ಎಲ್ಲಿಂದ ಬರುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಲ್ಲ ಇತ್ತು. ಆ ಪುಸ್ತಕ ನೋಡಿದ ಮೇಲೆಯೇ ನಾನು ಈ ಕೆಲಸಕ್ಕೆ ಒಪ್ಪಿದ್ದು. ನಮ್ಮ ಭಾಗದಲ್ಲಿ ಒಂದು ಹಾಡಿಗೆ ಅಷ್ಟು ಶ್ರದ್ಧೆಯಿಂದ ಚಿತ್ರ ಬರೆದವರನ್ನು ನಾನು ನೋಡಿರಲಿಲ್ಲ.

ತೊಂದರೆ ಎಲ್ಲಿತ್ತು

ಮೊದಲ ತೊಂದರೆ ಸಮಯದ್ದು. ಯಾವ ಚಿತ್ರದ ಕೆಳಗೂ ಅದು ಹಾಡಿನ ಯಾವ ಕ್ಷಣದಲ್ಲಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ಬರೆದಿರಲಿಲ್ಲ.

ಹಾಡನ್ನು ಸ್ಟುಡಿಯೊದಲ್ಲಿ ಕ್ಲಿಕ್, ಅಂದರೆ ಲಯ ತಪ್ಪದಂತೆ ಕಿವಿಯಲ್ಲಿ ಬಡಿಯುವ ಟಿಕ್ ಟಿಕ್ ಸದ್ದು, ಹಾಕಿಕೊಂಡು ರೆಕಾರ್ಡ್ ಮಾಡಿದ್ದರು. ನಿಮಿಷಕ್ಕೆ 96 ಬೀಟ್. ಅಂದರೆ ನಾಲ್ಕು ಬೀಟಿನ ಒಂದು ಬಾರ್‌ಗೆ ಎರಡೂವರೆ ಸೆಕೆಂಡ್. ಪೂರ್ತಿ ಹಾಡು 4 ನಿಮಿಷ, ಬಾರ್ ಲೆಕ್ಕದಲ್ಲಿ 96. ನಾನು ಹಾಡನ್ನು ಹೀಗೆ ಒಡೆದೆ: ಆರಂಭದ ಸಂಗೀತ 8 ಬಾರ್, ಪಲ್ಲವಿ 16, ನಡುವಿನ ಮ್ಯೂಸಿಕ್ 12, ಮೊದಲ ಚರಣ 16, ಮತ್ತೆ ಪಲ್ಲವಿ 8, ಇನ್ನೊಂದು ಮ್ಯೂಸಿಕ್ 12, ಎರಡನೇ ಚರಣ 16, ಕೊನೆಯ ಪಲ್ಲವಿ 8. ನಂತರ ನಿರ್ದೇಶಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಅವನ ಒಂದೊಂದು ಚೌಕವನ್ನೂ ಅದರ ಜಾಗದಲ್ಲಿ ಇಡಲು ಹೇಳಿದೆ.

ಆಗ ಕಂಡಿತು. ಎರಡನೇ ಚರಣದ ಕೊನೆಯ ನಾಲ್ಕು ಬಾರ್‌ಗೆ, ಅಂದರೆ ಹತ್ತು ಸೆಕೆಂಡಿಗೆ, ಹನ್ನೊಂದು ಚಿತ್ರ. ಒಂದು ಚಿತ್ರಕ್ಕೆ ಒಂದು ಸೆಕೆಂಡೂ ಸಿಗುವುದಿಲ್ಲ. ಅಲ್ಲಿ ಗಾಯಕಿ ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುತ್ತಾಳೆ, ನೋಡುವವರ ಕಣ್ಣು ಒಂದು ಕಡೆ ನಿಲ್ಲಬೇಕು. ಮೊದಲ ಮ್ಯೂಸಿಕ್ಕಿನ ಮೂವತ್ತು ಸೆಕೆಂಡಿಗೆ ಇದ್ದದ್ದು ಬರೀ ಎರಡು ಚಿತ್ರ. ಸಾಹಿತ್ಯ ಇರುವಲ್ಲೆಲ್ಲ ಚಿತ್ರ ಹೊಳೆದಿದೆ, ಸಾಹಿತ್ಯ ಇಲ್ಲದ ಕಡೆ ಜಾಗ ಖಾಲಿ ಉಳಿದಿದೆ. ಮಾತು ಕೇಳಿ ಚಿತ್ರ ಬರೆಯುವ ಎಲ್ಲರಿಗೂ ಹೀಗಾಗುತ್ತದೆ. ಮ್ಯೂಸಿಕ್ ವಿಡಿಯೊದಲ್ಲಿ ಕತೆ ಮುಂದೆ ಹೋಗುವುದು ಹೆಚ್ಚಾಗಿ ಹಾಡದೆ ಇರುವ ಜಾಗದಲ್ಲೇ. ಆದ್ದರಿಂದ ಖಾಲಿ ಜಾಗವನ್ನು ಮೊದಲು ತುಂಬಿ, ಆಮೇಲೆ ಸಾಲುಗಳಿಗೆ ಬನ್ನಿ ಎನ್ನುತ್ತೇನೆ.

(ಕ್ಲಿಕ್ ಇಲ್ಲದೆ, ದಪ್ಪು ತುಂತುಣಿ ಹಿಡಿದು ಒಂದೇ ಓಟದಲ್ಲಿ ಹಾಡಿದ ಹಾಡಾದರೆ ಬಾರ್ ಲೆಕ್ಕ ನಡೆಯುವುದಿಲ್ಲ. ಲಯ ಹಾಡುಗಾರರ ಉಸಿರಿನ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಲ್ಲಿ ಸಾಲು ಶುರುವಾಗುವ ನಿಮಿಷ, ಸೆಕೆಂಡ್ ಬರೆದುಕೊಳ್ಳುವುದೊಂದೇ ದಾರಿ.)

ಎರಡನೇ ತೊಂದರೆ ಇನ್ನೂ ದೊಡ್ಡದು. ಚಿತ್ರದಲ್ಲಿ ಅವ್ವ ಎತ್ತರದ ಮಣೆಯ ಮೇಲೆ ಕೂತು, ಕಿಟಕಿ ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದಳು. ಮೇಲಿನಿಂದ ಒಂದು ಶಾಟ್, ಸುತ್ತು ಹಾಕುವ ಒಂದು ಶಾಟ್. ಆ ಮಗ್ಗ ನಿರ್ದೇಶಕ ಎಲ್ಲೋ ಫೋಟೊದಲ್ಲಿ ಕಂಡದ್ದು. ಇಳಕಲ್ಲಿನದ್ದಲ್ಲ.

ನೇಕಾರರ ಮನೆಯಲ್ಲಿ

ಡಿಸೆಂಬರಿನಲ್ಲಿ ಲೊಕೇಶನ್ ನೋಡಲು ಇಳಕಲ್ಲಿಗೆ ಹೋದೆವು. ಪರಿಚಯದವರ ಮೂಲಕ ಒಂದು ಮನೆ ಸಿಕ್ಕಿತ್ತು. ಹಳೆಯ ಮಾಳಿಗೆ ಮನೆ. ನಡುಮನೆಯಲ್ಲಿ ಕುಣಿ ಮಗ್ಗ. ನೇಯುವವರು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಕಾಲ ಕೆಳಗೆ ಹಲಗೆ ತುಳಿಯುತ್ತಾರೆ. ಉದ್ದಕ್ಕೆ ಬಿಗಿದ ಎಳೆಗಳ ಹಾಸು ನೆಲಕ್ಕೆ ಸಮೀಪವೇ ಚಾಚಿಕೊಂಡಿರುತ್ತದೆ. ಅಂದರೆ ನೇಯುವವರ ಸೊಂಟ ಇರುವುದು ನೆಲದ ಮಟ್ಟದಲ್ಲಿ, ಮುಖ ಇರುವುದು ನಿಂತವರ ಮೊಣಕಾಲಿನ ಆಸುಪಾಸು. ಮಾಮೂಲಿ ಟ್ರೈಪಾಡ್ ಎಷ್ಟು ತಗ್ಗಿಸಿದರೂ ಕ್ಯಾಮೆರಾ ಅವರನ್ನು ಮೇಲಿನಿಂದಲೇ ನೋಡುತ್ತದೆ. ಕ್ಯಾಮೆರಾಮನ್ ನೆಲದ ಮೇಲೆ ಬೋರಲು ಮಲಗಿ ಫೋನಿನಲ್ಲಿ ಒಂದು ಫೋಟೊ ತೆಗೆದರು. ಆ ಫೋಟೊದಲ್ಲಿ ಹಾಸಿನ ಎಳೆಗಳು ಮುಂದೆ ಮಸುಕಾಗಿ ಹರಡಿದ್ದವು, ಅವುಗಳ ಆಚೆ ನೇಕಾರರ ಮುಖ. ನಿರ್ದೇಶಕ ಅದನ್ನು ನೋಡಿ ಅಲ್ಲೇ ಕೂತು ತನ್ನ ಮಗ್ಗದ ಚಿತ್ರಗಳನ್ನು ಅಳಿಸಿ ಹೊಸದಾಗಿ ಬರೆಯಲು ಶುರು ಮಾಡಿದ. ಸುತ್ತು ಹಾಕುವ ಶಾಟ್ ಹೋಯಿತು, ಅಲ್ಲಿ ಸುತ್ತಲು ಜಾಗವೇ ಇಲ್ಲ.

ಮೇಲಿನಿಂದ ನೋಡುವ ಶಾಟ್ ಕೂಡ ಹೋಗಬೇಕಿತ್ತು, ತೊಲೆಗಳು ಅಷ್ಟು ತಗ್ಗು. ಕ್ಯಾಮೆರಾಮನ್ ಮಾಳಿಗೆ ಏರಿ ಬೆಳಕಿಂಡಿಯಿಂದ ಇಣುಕಿದರು. ಮಗ್ಗ ಕಾಣುತ್ತಿತ್ತು! ಆದರೆ ಅವರು ಇಣುಕಿದ ಕೂಡಲೇ ಕೆಳಗೆ ಕತ್ತಲೆ, ಯಾಕಂದರೆ ಬೆಳಕು ಬರುವುದೂ ಅದೇ ಕಿಂಡಿಯಿಂದ. ಕೊನೆಗೆ ಕಿಂಡಿಯ ಅಂಚಿಗೆ ಒಂದು ಸಣ್ಣ ಆಕ್ಷನ್ ಕ್ಯಾಮೆರಾ ಕಟ್ಟುವುದು ಅಂತಾಯಿತು.

ಆ ಕಿಂಡಿಯ ಬೆಳಕಿನ ಬಗ್ಗೆಯೂ ಹೇಳಬೇಕು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಳಕಿನ ಕೋಲು ಕಿಂಡಿಯ ನೇರ ಕೆಳಗೆ ಬೀಳದೆ ಉತ್ತರದ ಗೋಡೆಯ ಕಡೆಗೆ ಬೀಳುತ್ತದೆ. ಈ ಮನೆಯಲ್ಲಿ ಮಗ್ಗ ಇದ್ದದ್ದೂ ಆ ಕಡೆಗೇ. ಹನ್ನೊಂದೂವರೆ ಸುಮಾರಿಗೆ ಬೆಳಕು ಹಾಸಿನ ಅಂಚು ಮುಟ್ಟಿ, ಮುಕ್ಕಾಲು ತಾಸು ಇದ್ದು, ಗೋಡೆ ಹತ್ತಿ ಹೋಯಿತು. ನಾವು ಕೂತು ನೋಡಿ ಗಂಟೆ ಬರೆದುಕೊಂಡೆವು. ಟ್ಯೂಬ್‌ಲೈಟ್ ಹಾಕಿ ಒಂದು ಪರೀಕ್ಷೆ ಶಾಟ್ ತೆಗೆದರೆ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ಏರಿಳಿಯುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಸೆಕೆಂಡಿನ 50ನೇ ಒಂದು ಭಾಗ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ. ಹಾಗಾಗಿ ಇಡೀ ವಿಡಿಯೊವನ್ನು ಸೆಕೆಂಡಿಗೆ 25 ಫ್ರೇಮಿನಲ್ಲಿ, ಸ್ಲೋ ಮೋಶನ್ 50ರಲ್ಲಿ ತೆಗೆಯುವುದು ಎಂದು ಅಲ್ಲೇ ನಿರ್ಧಾರವಾಯಿತು.

ಕೊಂಡಿಯ ಪ್ರಶ್ನೆ

ಸ್ಟೋರಿಬೋರ್ಡಿನ ಜೀವ ಇದ್ದದ್ದು ಒಂದು ಚಿತ್ರದಲ್ಲಿ. ಅವ್ವ ಸೀರೆಯ ಒಡಲಿಗೆ ಸೆರಗನ್ನು ಸೇರಿಸುತ್ತಾಳೆ. ಮಗಳು ಅದನ್ನು ನೋಡುತ್ತಾಳೆ.

ಇಳಕಲ್ ಸೀರೆಯ ವಿಶೇಷವೇ ಈ ಸೇರಿಸುವಿಕೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹತ್ತಿಯಾದರೆ ಸೆರಗಿನದು ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ, ಅದೇ ಕೊಂಡಿ. ಹಾಗಾಗಿಯೇ ಹಾಸನ್ನು ಒಂದೊಂದು ಸೀರೆಗೂ ಬೇರೆಬೇರೆಯಾಗಿ ಸಿದ್ಧ ಮಾಡಬೇಕು. ನಿರ್ದೇಶಕ ಹುಡುಗ ಇದನ್ನು ಓದಿಕೊಂಡಿದ್ದ. ಆದರೆ ಕೊಂಡಿ ಹಾಕುವ ಕೆಲಸ ಯಾವಾಗ ಬರುತ್ತದೆ ಅಂತ ಯೋಚಿಸಿರಲಿಲ್ಲ.

ಆ ಮನೆಯಲ್ಲಿ ಕೊಂಡಿ ಹಾಕುವವರು ನೇಕಾರರ ಹೆಂಡತಿ. ಶೂಟಿಂಗ್ ದಿನ ಸ್ವಲ್ಪ ಹಾಕಿ ತೋರಿಸುತ್ತೀರಾ ಅಂತ ಕೇಳಿದಾಗ ಅವರು ಹೇಳಿದ್ದು: "ಕೊಂಡಿ ಅಂದ್ರ ಸೀರಿಗೊಮ್ಮೆ ಹಾಕೂದ್ರಿ ತಮ್ಮಾ. ನೀವು ಬಂದಾಗ ಹಾಕಿ ತೋರಸಾಕ ಬರೂದಿಲ್ಲ. ಮಗ್ಗದಾಗ ಸೀರಿ ನಡದಿರ್ತೈತಿ."

ತಂಡದಲ್ಲಿ ಆ ಸಂಜೆ ಮಾತಾಯಿತು. ಒಬ್ಬರು ಬೇರೆ ನೂಲು ತಂದು ಹಾಗೆ ಕಾಣುವಂತೆ ಮಾಡೋಣ ಅಂದರು. ಇನ್ನೊಬ್ಬರು ಆ ಶಾಟನ್ನೇ ಬಿಡೋಣ ಅಂದರು. ನನ್ನ ಅಭಿಪ್ರಾಯ ಬೇರೆ ಇತ್ತು. ಈ ಹಾಡನ್ನು ಮೊದಲು ನೋಡುವವರು ಇಳಕಲ್, ಗುಳೇದಗುಡ್ಡ, ಕಮತಗಿ ಕಡೆಯವರು. ಮಗ್ಗದ ಮುಂದೆ ಬೆಳೆದವರು. ಸುಳ್ಳು ಕೊಂಡಿಯನ್ನು ಅವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಅಲ್ಲಿಗೆ ಹಾಡಿನ ಮೇಲಿನ ನಂಬಿಕೆಯೇ ಹೋಯಿತು ಅಲ್ವಾ?

ಆಗ ದಾರಿ ತೋರಿಸಿದವರು ಕ್ಯಾಮೆರಾಮನ್. ಮುಂದಿನ ಸೀರೆಗೆ ಕೊಂಡಿ ಹಾಕುವ ದಿನ ಮನೆಯವರು ಫೋನ್ ಮಾಡಲಿ. ತಾನು ಒಬ್ಬ ಸಹಾಯಕನ ಜೊತೆ ಬಂದು ಬರೀ ಕೈಗಳನ್ನು ತೆಗೆದುಕೊಂಡು ಹೋಗುತ್ತೇನೆ. ಗಾಯಕಿ ಬೇಡ, ನಟಿ ಬೇಡ, ಲೈಟು ಬೇಡ. ಮುಖಗಳನ್ನು ಶೂಟಿಂಗ್ ದಿನ ತೆಗೆದು ಜೋಡಿಸಿದರಾಯಿತು.

ಈ ಒಂದು ತೀರ್ಮಾನಕ್ಕೆ ಎಷ್ಟು ಬಾಲ ಇತ್ತು ಅನ್ನುವುದು ಶೂಟಿಂಗ್ ಸ್ಕ್ರಿಪ್ಟ್ ಬರೆಯುವಾಗ ತಿಳಿಯಿತು. ಅವ್ವ ಮತ್ತು ಮಗಳು ಒಂದೇ ಫ್ರೇಮಿನಲ್ಲಿ ಇರುವ ಆ ಚಿತ್ರ ಮೂರು ಶಾಟ್ ಆಗಿ ಒಡೆಯಿತು: ಕೈ, ಅವ್ವನ ಮುಖ, ಮಗಳ ಮುಖ. ಕೈಗಳಲ್ಲಿ ಹಸಿರು ಗಾಜಿನ ಬಳೆ ಇದ್ದವು, ನಟಿಗೂ ಅದೇ ಅಳತೆಯ ಅಷ್ಟೇ ಬಳೆ ಬೇಕು. ಕೈಯ ಹಿಂದೆ ಕಾಣುವ ಕುಬಸದ ತೋಳು ಖಣದ್ದು, ಅದೇ ಬಣ್ಣದ ಖಣ ಹುಡುಕಬೇಕು. ಎಲ್ಲಕ್ಕಿಂತ ದೊಡ್ಡದು ಸೀರೆಯ ಬಣ್ಣ. ಚಿತ್ರದಲ್ಲಿ ಒಡಲು ದಾಳಿಂಬೆ ಬಣ್ಣದ್ದಿತ್ತು. ಮಗ್ಗಕ್ಕೆ ಬರುವ ಮುಂದಿನ ಹಾಸು ನವಿಲು ಹಸಿರು, ಗೋಮಿ ಎಂಬ ವಿನ್ಯಾಸದ ದಡಿ. ಅದು ಯಾರೋ ಗಿರಾಕಿ ಆರ್ಡರ್ ಕೊಟ್ಟದ್ದು, ನಮಗಾಗಿ ಬದಲಾಗುವುದಿಲ್ಲ. ನಿರ್ದೇಶಕ ಎರಡು ದಿನ ಒದ್ದಾಡಿ ತನ್ನ ಪುಸ್ತಕದ ಬಣ್ಣ ಬದಲಿಸಿದ. ಅದೇ ಬಣ್ಣ, ಅದೇ ದಡಿಯ ನೇಯ್ದಿಟ್ಟ ಸೀರೆ ಅದೇ ಮನೆಯಲ್ಲಿ ಒಂದಿತ್ತು, ಅದನ್ನೇ ಕೊಂಡೆವು. ಆಮೇಲೆ ನೋಡಿದರೆ ಹಸಿರು ಒಡಲಿನ ಮೇಲೆ ಕೆಂಪು ಸೆರಗು ಎದ್ದು ಕಾಣುತ್ತಿತ್ತು. ದಾಳಿಂಬೆ ಬಣ್ಣಕ್ಕೆ ಸೆರಗು ಅಷ್ಟು ಬೇರೆಯಾಗಿ ಕಾಣುತ್ತಿರಲಿಲ್ಲ.

ತಾರೀಕು ಮತ್ತು ಸ್ಥಳ

ಹಾಡಿನ ನಡುವೆ ಸೆರಗಿನ ಟೋಪ್ ತೆನಿ ಎಂಬ ವಿನ್ಯಾಸದಿಂದ ಜೋಳದ ಹೊಲಕ್ಕೆ ಹಾರುವ ಒಂದು ಕಟ್ ಇತ್ತು. ಸೆರಗಿನ ಬಿಳಿ ತೆನೆಯ ಆಕಾರ, ಮರುಕ್ಷಣ ಹೊಲದಲ್ಲಿ ಅದೇ ಆಕಾರದಲ್ಲಿ ನಿಂತ ನಿಜವಾದ ತೆನೆ. ಚೆಂದದ ಕಲ್ಪನೆ. ಶೂಟಿಂಗ್ ಮಾತ್ರ ಯುಗಾದಿಗೆ ಹದಿನೈದು ದಿನ ಮುಂಚೆ ಅಂತ ಬರೆದಿತ್ತು. ಹಿಂಗಾರಿ ಬಿಳಿಜೋಳ ಆ ಹೊತ್ತಿಗೆ ಕೊಯ್ಲಾಗಿ ಹೊಲ ಬೋಳಾಗಿರುತ್ತದೆ. ತೆನೆ ಬೇಕೆಂದರೆ ಎಳ್ಳ ಅಮಾವಾಸ್ಯೆಯ ಆಸುಪಾಸು ಹೋಗಬೇಕು. ಬೆಳಕಿಂಡಿಯ ಬಿಸಿಲೂ ನಾವು ಬರೆದುಕೊಂಡಂತೆ ಬೀಳಬೇಕಾದರೆ ಜನವರಿಯೇ ಆಗಬೇಕು. ತಾರೀಕು ಹಿಂದಕ್ಕೆ ಬಂತು.

ಹಿಂದಕ್ಕೆ ಬಂದದ್ದೇ ತಡ, ಇನ್ನೊಂದು ಗಂಟು ಬಿತ್ತು. ಜನವರಿ ಅಂದರೆ ಬಾದಾಮಿ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳೆಲ್ಲ ಅಲ್ಲೇ ಬೀಡುಬಿಟ್ಟಿರುತ್ತವೆ, ಬೆಳಗಿನವರೆಗೂ ನಾಟಕ. ನಮ್ಮ ಅವ್ವನ ಪಾತ್ರದ ಕಲಾವಿದೆಯೂ ಅಲ್ಲೇ. ರಾತ್ರಿ ಪೂರ್ತಿ ಸ್ಟೇಜಿನ ಮೇಲೆ ಇದ್ದವರನ್ನು ಬೆಳಗ್ಗೆ ಏಳಕ್ಕೆ ಇಳಕಲ್ಲಿಗೆ ಕರೆಯುವುದು ನ್ಯಾಯವಲ್ಲ. ಅವರು ಮಧ್ಯಾಹ್ನಕ್ಕೆ ಬರುತ್ತೇನೆ ಅಂದರು. ಬೆಳಕಿಂಡಿಯ ಬಿಸಿಲು ಅಷ್ಟರಲ್ಲಿ ಗೋಡೆ ಏರಿರುತ್ತದೆ. ಆದ್ದರಿಂದ ಆ ಬಿಸಿಲಿನ ಎಲ್ಲ ಶಾಟ್‌ಗಳೂ ಮಗಳಿಗೆ ಮತ್ತು ಮಗ್ಗಕ್ಕೆ ಹೋದವು, ಅವ್ವನ ಎಲ್ಲ ಶಾಟ್‌ಗಳೂ ಬಾಗಿಲಿನಿಂದ ಬರುವ ಮಧ್ಯಾಹ್ನದ ಮೆತ್ತನೆ ಬೆಳಕಿಗೆ ಬಂದವು.

ಕೊನೆಯ ಪಲ್ಲವಿಯನ್ನು ನಿರ್ದೇಶಕ ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ, ಭೂತನಾಥ ಗುಡಿಯ ಮುಂದೆ ಬರೆದಿದ್ದ. ಕೆರೆಯ ಪೂರ್ವ ತುದಿಯಲ್ಲಿರುವ ಆ ಗುಡಿಯ ಮೇಲೆ ಸಂಜೆಯ ಬಿಸಿಲು ಬೀಳುವುದನ್ನು ನೋಡಿದ ಯಾರಿಗೇ ಆದರೂ ಆಸೆಯಾಗುತ್ತದೆ. ಆದರೆ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. 1959ರ ನಿಯಮಗಳಲ್ಲೇ ಚಿತ್ರೀಕರಣಕ್ಕೆ ಲೈಸೆನ್ಸ್ ಬೇಕೆಂದಿದೆ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ನಮ್ಮ ಕೈಯಲ್ಲಿ ಅಷ್ಟು ಸಮಯ ಇರಲಿಲ್ಲ. ಗಾಯಕಿಯ ಅಣ್ಣ, "ಹತ್ತ ನಿಮಿಷದ ಕೆಲಸರಿ ಸರ, ಕ್ಯಾಮೆರಾನೂ ಸಣ್ಣದೈತಿ, ಯಾರು ಕೇಳ್ತಾರ?" ಅಂದರು. ನಾನು ಒಪ್ಪಲಿಲ್ಲ. ಕಾನೂನಿನ ಮಾತು ಒಂದು ಕಡೆ ಇರಲಿ. ಕದ್ದು ತೆಗೆಯುವ ಶಾಟಿನಲ್ಲಿ ಗಾಯಕಿಯ ಕಣ್ಣು ಕಾವಲುಗಾರನ ಕಡೆ ಇರುತ್ತದೆ. ಕೊನೆಯ ಪಲ್ಲವಿಗೆ ಅಂಥ ಕಣ್ಣು ಬೇಕಾ?

ಎರಡು ದಿನ ಆ ಪುಟ ಖಾಲಿ ಇತ್ತು. ಆಮೇಲೆ ಗಾಯಕಿಯೇ ಒಂದು ಮಾತು ಹೇಳಿದರು. ಅವರ ಅಜ್ಜಿಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆಯಂತೆ. "ನಮ್ಮವ್ವ ಈಗೂ ತವರಿನ ಮಾತು ಬಂದ್ರ ನೀರಿನ ಕಡೆ ಕೈ ತೋರಸ್ತಾಳ್ರಿ." ಬಾಗಲಕೋಟೆಯ ಜನಕ್ಕೆ ಮುಳುಗಡೆ ಅಂದರೆ ಏನೆಂದು ವಿವರಿಸಬೇಕಿಲ್ಲ. ಹಳೇ ಊರಿನ ಎಷ್ಟೋ ಮನೆಗಳು ನೀರಿಗೆ ಹೋಗಿ ನವನಗರ ಎದ್ದದ್ದನ್ನು ಕಂಡವರು ನಾವು. ತವರು ಬಿಡುವ ಹಾಡಿಗೆ ಅದಕ್ಕಿಂತ ಸರಿಯಾದ ಜಾಗ ಎಲ್ಲಿದೆ? ಹೊಸ ಸೀರೆ ಉಟ್ಟ ಮಗಳು ಹಿನ್ನೀರಿನ ಅಂಚಿನಲ್ಲಿ ನಿಂತು, ಅವ್ವನ ತವರು ಇದ್ದ ದಿಕ್ಕಿಗೆ ನೋಡುತ್ತಾಳೆ. ರೈತರೊಬ್ಬರ ಹೊಲ ನೀರಿನವರೆಗೂ ಇಳಿದಿತ್ತು, ಅವರು ಒಪ್ಪಿದರು. ಇಡೀ ಸ್ಟೋರಿಬೋರ್ಡಿನಲ್ಲಿ ಅತ್ಯಂತ ಬಲವಾದ ಚಿತ್ರ ಈ ಬದಲಿ ಚಿತ್ರವೇ ಆಯಿತು.

ಶೂಟಿಂಗ್ ಸ್ಕ್ರಿಪ್ಟ್

ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಸ್ಟೋರಿಬೋರ್ಡ್ ಹಾಡಿನ ಕ್ರಮದಲ್ಲಿ ನಡೆಯುತ್ತದೆ. ಶೂಟಿಂಗ್ ಸ್ಕ್ರಿಪ್ಟ್ ಬಿಸಿಲಿನ, ಸ್ಥಳದ, ಜನರ ಬಿಡುವಿನ ಕ್ರಮದಲ್ಲಿ ನಡೆಯುತ್ತದೆ. ನಮ್ಮ ಹಾಳೆಯಲ್ಲಿ ಹಾಡಿನ ಕೊನೆಯ ಭಾಗಕ್ಕೆ ಸೇರಿದ ಕೊಂಡಿ ಎಲ್ಲಕ್ಕಿಂತ ಮೊದಲು, ಬೇರೆಯೇ ಒಂದು ದಿನ ಇತ್ತು.

ಒಂದೊಂದು ಶಾಟಿಗೂ ಒಂದು ಸಾಲು ಬರೆದೆ. ಸ್ಟೋರಿಬೋರ್ಡಿನ ಯಾವ ನಂಬರು, ಹಾಡಿನ ಎಷ್ಟನೇ ಬಾರಿನಿಂದ ಎಷ್ಟನೇ ಬಾರಿನವರೆಗೆ, ಕ್ಯಾಮೆರಾ ಎಲ್ಲಿ, ಎಷ್ಟು ಎತ್ತರ, ತುಟಿ ಆಡುತ್ತದಾ ಇಲ್ಲವಾ, ಎಷ್ಟು ಗಂಟೆಯೊಳಗೆ ಮುಗಿಯಬೇಕು. ಕೊನೆಯ ಕಾಲಮ್ಮಿನಲ್ಲಿ ಮೂರರಲ್ಲಿ ಒಂದು ಗುರುತು: ಬೇಕೇ ಬೇಕು, ಇದ್ದರೆ ಚೆಂದ, ಬಿಟ್ಟರೂ ನಡೆಯುತ್ತದೆ. ಈ ಗುರುತು ಹಾಕುವ ಮಾತುಕತೆಗೇ ಉಳಿದೆಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ತಾನು ಬರೆದ ಚಿತ್ರದ ಮುಂದೆ 'ಬಿಟ್ಟರೂ ನಡೆಯುತ್ತದೆ' ಅಂತ ಬರೆಯಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಅದನ್ನು ಮನೆಯಲ್ಲಿ ಚಹಾ ಕುಡಿಯುತ್ತ ಬರೆಯದಿದ್ದರೆ, ಬಿಸಿಲು ಇಳಿಯುವಾಗ ಹೊಲದಲ್ಲಿ ನಿಂತು ಬರೆಯಬೇಕಾಗುತ್ತದೆ. ಆಗ ಕೈಗೆ ಸಿಕ್ಕಿದ್ದು ಉಳಿಯುತ್ತದೆ, ಬೇಕಾದ್ದು ಹೋಗುತ್ತದೆ.

ಹಾಡನ್ನು ಭಾಗಭಾಗವಾಗಿ ಕತ್ತರಿಸಿ ಫೋನಿನಲ್ಲಿ ಇಟ್ಟುಕೊಂಡೆವು. ಒಂದೊಂದು ತುಂಡಿನ ಮುಂದೆಯೂ ಎರಡು ಬಾರ್ ಕ್ಲಿಕ್. ಆ ಐದು ಸೆಕೆಂಡಿನಲ್ಲಿ ಗಾಯಕಿ ಲಯ ಹಿಡಿದು ಉಸಿರು ತೆಗೆದುಕೊಳ್ಳಬಹುದು. ತುಟಿ ಆಡಿಸುತ್ತ ಸ್ಲೋ ಮೋಶನ್ ಇದ್ದದ್ದು ಒಂದೇ ಶಾಟ್. 50 ಫ್ರೇಮಿನಲ್ಲಿ ತೆಗೆದು 25ರಲ್ಲಿ ತೋರಿಸಿದರೆ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ, ಆದ್ದರಿಂದ ತೆಗೆಯುವಾಗ ಹಾಡು ಎರಡು ಪಟ್ಟು ವೇಗದಲ್ಲಿ ಓಡಬೇಕು. ಆ ವೇಗದ ತುಂಡನ್ನು ವಾರ ಮುಂಚೆಯೇ ಗಾಯಕಿಗೆ ಕಳಿಸಿ, ಕನ್ನಡಿ ಮುಂದೆ ಅಭ್ಯಾಸ ಮಾಡಲು ಹೇಳಿದ್ದೆವು.

ಶೂಟಿಂಗ್ ದಿನಗಳಲ್ಲಿ ಆದದ್ದು

ಇಳಕಲ್ಲಿನ ದಿನ ಮೊದಲ ಅಡ್ಡಿ ಬಂದದ್ದು ಸದ್ದಿನಿಂದ. ಲಾಳಿಯ ಬಡಿತ ಹಾಡಿನ ಬೀಟಿಗೆ ಕೂಡಬೇಕು ಅಂತ ನಿರ್ದೇಶಕನ ಆಸೆ. ಸ್ಪೀಕರ್ ಹಾಕಿದರೆ ಮಗ್ಗದ ಸದ್ದಿನಲ್ಲಿ ಹಾಡು ಯಾರಿಗೂ ಕೇಳಿಸುತ್ತಿಲ್ಲ. ನೇಕಾರರು ಎರಡು ಸಲ ಪ್ರಯತ್ನಿಸಿ ನಿಲ್ಲಿಸಿದರು. "ಲಾಳಿ ನಿಮ್ಮ ಹಾಡಿಗೆ ಕೂಡೂದಿಲ್ರಿ. ನಮ್ಮ ಕೈ ನಡದಂಗ ನಡೀತೈತಿ. ಹಾಡು ಬೇಕಂದ್ರ ಲಾಳಿಗೆ ಕೂಡಸ್ಕೋರಿ." ಅವರು ಹೇಳಿದಂತೆಯೇ ಮಾಡಿದೆವು. ಅವರ ಲಯದಲ್ಲೇ ಉದ್ದಕ್ಕೆ ತೆಗೆದು, ಎಡಿಟ್‌ನಲ್ಲಿ, ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಬಡಿಯುವ ಕ್ಷಣ ಬೀಟಿನ ಮೇಲೆ ಬರುವಂತೆ ಕತ್ತರಿಸುವುದು. ಆರಂಭದ ಎಂಟು ಬಾರಿನಲ್ಲಿ ನಿಜವಾದ ಮಗ್ಗದ ಸದ್ದನ್ನೇ ಹಾಡಿನ ಅಡಿಯಲ್ಲಿ ಬಿಟ್ಟಿದ್ದಾರೆ, ಕೇಳಲು ಬಹಳ ಚೆನ್ನಾಗಿದೆ.

ಗಾಯಕಿಗೆ ಹಾಡು ಕೇಳಿಸಬೇಕಲ್ಲ? ತಲೆ ಮೇಲೆ ಸೆರಗು ಹೊದ್ದಿದ್ದರು. ಅದರ ಒಳಗೆ ಒಂದು ಕಿವಿಗೆ ವೈರ್‌ಲೆಸ್ ಇಯರ್‌ಫೋನ್ ಹಾಕಿದೆವು. ಬ್ಲೂಟೂತಿನಲ್ಲಿ ಹಾಡು ಚೂರು ತಡವಾಗಿ ಕೇಳಿಸುತ್ತದೆ, ಅದರಿಂದ ತೊಂದರೆ ಇಲ್ಲ. ತಡ ಒಂದೇ ಸಮ ಇರುವುದರಿಂದ ಎಡಿಟ್‌ನಲ್ಲಿ ತುಟಿ ನೋಡಿ ಸ್ವಲ್ಪ ಸರಿಸಿದರೆ ಮುಗಿಯಿತು.

ಹನ್ನೊಂದೂವರೆಗೆ ಬಿಸಿಲು ಸರಿಯಾಗಿ ಬಂತು. ಬೇಕೇ ಬೇಕು ಎಂದು ಬರೆದ ಐದೂ ಶಾಟ್ ಆ ಮುಕ್ಕಾಲು ತಾಸಿನಲ್ಲಿ ಆದವು. ಒಂದು ಹಂತದಲ್ಲಿ ಕರೆಂಟು ಹೋಯಿತು. ಆ ಹೊತ್ತಿನ ಶಾಟ್‌ಗಳಿಗೆ ಲೈಟೇ ಬರೆದಿರಲಿಲ್ಲ, ಹಾಗಾಗಿ ಕೆಲಸ ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ಜೋಳದ ಹೊಲ, ಸಂಜೆ ಹಿನ್ನೀರು. ಅಲ್ಲಿಗೆ ಮುಟ್ಟುವುದು ತಡವಾಯಿತು, ಜಾತ್ರೆಗೆ ಹೊರಟ ಟ್ರ್ಯಾಕ್ಟರುಗಳಿಂದ ರಸ್ತೆ ತುಂಬಿತ್ತು. ಜನವರಿಯಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ನಾವು ಇಳಿದಾಗ ಐದೂವರೆ ಆಗಿತ್ತು. ಪಟ್ಟಿಯಲ್ಲಿ ಆರು ಶಾಟ್. ಡ್ರೋನ್ ತಂದಿದ್ದ ಹುಡುಗ ಅಷ್ಟರಲ್ಲೇ ಅದನ್ನು ಬಿಚ್ಚುತ್ತಿದ್ದ, ನಿರ್ದೇಶಕ ನೀರು ನೋಡುತ್ತ ನಿಂತುಬಿಟ್ಟಿದ್ದ. ಸಹಾಯಕ ನಿರ್ದೇಶಕಿ, ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳು, ಹಾಳೆ ನೋಡಿ ಹೇಳಿದಳು: "ಬೇಕೇ ಬೇಕು ಅನ್ನೂವು ಎರಡ ಅದಾವ್ರಿ. ಡ್ರೋನ್ ಬಿಟ್ಟರೂ ನಡೀತೈತಿ ಅಂತ ನೀವ ಬರದೀರಿ." ಯಾರೂ ವಾದ ಮಾಡಲಿಲ್ಲ. ಎಂಟು ಬಾರಿನ, ಇಪ್ಪತ್ತು ಸೆಕೆಂಡಿನ, ಕಟ್ ಇಲ್ಲದ ಒಂದು ವೈಡ್ ಶಾಟ್. ಅದನ್ನೇ ಮತ್ತೆ ಮತ್ತೆ ತೆಗೆದರು. ಕೊನೆಗೊಂದು ಕ್ಲೋಸಪ್. ಬೆಳಕು ಹೋಯಿತು.

ಫಲಿತಾಂಶ, ಮತ್ತು ಅದರಿಂದ ತಿಳಿದದ್ದು

ಎಡಿಟ್ ಬೇಗ ಮುಗಿಯಿತು, ಯಾಕಂದರೆ ಯಾವ ಶಾಟ್ ಯಾವ ಬಾರ್‌ಗೆ ಅನ್ನುವುದು ಮೊದಲೇ ಬರೆದಿತ್ತು. ವಿಡಿಯೊ ಯುಗಾದಿಗೆ ಬಂತು. ಡ್ಯಾನ್ಸ್ ಹಾಡುಗಳಷ್ಟು ಓಡಲಿಲ್ಲ. ಆದರೆ ಕೊಂಡಿಯ ಶಾಟ್ ಬಗ್ಗೆ ನೇಕಾರ ಮನೆತನಗಳವರು ಬರೆದ ಮಾತುಗಳನ್ನು ನಾನು ಓದಿದ್ದೇನೆ. ಎಷ್ಟೋ ಜನ ತಮ್ಮ ಅವ್ವನ ಕೈ ನೆನೆಸಿಕೊಂಡಿದ್ದರು.

ಎಲ್ಲವೂ ಸರಿಯಾಯಿತು ಅಂತ ಹೇಳಲಾರೆ. ಸೆರಗಿನ ತೆನೆಯಿಂದ ಹೊಲದ ತೆನೆಗೆ ಹಾರುವ ಕಟ್ ಕೂಡಲಿಲ್ಲ. ಸೆರಗನ್ನು ತೀರಾ ಹತ್ತಿರದಿಂದ ತೆಗೆದಿತ್ತು, ತೆನೆ ಫ್ರೇಮಿನ ಎಡಕ್ಕೆ ಇತ್ತು. ಹೊಲದಲ್ಲಿ ವೈಡ್ ಲೆನ್ಸ್ ಹಾಕಿದ್ದರು, ತೆನೆ ನಡುವೆ ಸಣ್ಣದಾಗಿ ಬಂತು. ಎರಡು ಶಾಟ್ ಒಂದಕ್ಕೊಂದು ಹೊಂದಬೇಕಾದಾಗ ಮೊದಲು ತೆಗೆದ ಶಾಟಿನ ಒಂದು ಫೋಟೊ ಎರಡನೆಯ ಜಾಗದಲ್ಲಿ ಕಣ್ಣ ಮುಂದೆ ಇರಲೇಬೇಕು. ಲೆನ್ಸ್ ಯಾವುದು ಅನ್ನುವುದೂ ಹಾಳೆಯಲ್ಲಿರಬೇಕು. ಕೊನೆಗೆ ಒಂದು ಚಿತ್ರ ಕರಗಿ ಇನ್ನೊಂದು ಮೂಡುವಂತೆ ಮಾಡಿ ಮುಂದೆ ಹೋದರು. ನಿರ್ದೇಶಕನಿಗೆ ಆ ಜಾಗ ಈಗಲೂ ಚುಚ್ಚುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ನಾವು ಹೋದ ದಿನ ಆ ಮನೆಯ ನೇಯ್ಗೆ ನಿಂತಿತು. ಅವರ ಆ ದಿನದ ದುಡಿಮೆಯನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆದು, ಬೆಳಗ್ಗೆ ಕ್ಯಾಮೆರಾ ಬಿಚ್ಚುವ ಮೊದಲೇ ಕೈಗೆ ಕೊಟ್ಟೆವು. ಕೊಂಡಿ ಹಾಕಿದ ಅಕ್ಕನವರನ್ನು ಹೆಸರು ಹಾಕಲಾ ಅಂತ ಕೇಳಿದೆವು. ಅವರು ತಮ್ಮದು ಬೇಡ, ಮನೆತನದ ಹೆಸರು ಹಾಕಿ ಅಂದರು. ವಿಡಿಯೊದ ಕೊನೆಯಲ್ಲಿ ಹಾಗೆಯೇ ಬಂದಿದೆ.

ಮೊದಲ ಸ್ಟೋರಿಬೋರ್ಡಿನ ಅರ್ಧಕ್ಕಿಂತ ಜಾಸ್ತಿ ಚಿತ್ರಗಳು ವಿಡಿಯೊದಲ್ಲಿ ಇಲ್ಲ. ಅಷ್ಟು ಕಷ್ಟಪಟ್ಟು ಬರೆದದ್ದು ದಂಡವಾಯಿತಾ ಅಂತ ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಚಿತ್ರ ಬರೆದಿದ್ದರಿಂದಲೇ ಕುಣಿ ಮಗ್ಗದ ಮುಂದೆ ನಿಂತಾಗ ಏನು ಹೊಂದುವುದಿಲ್ಲ ಅಂತ ಕ್ಷಣದಲ್ಲಿ ಗೊತ್ತಾಯಿತು. ಏನೂ ಬರೆಯದೆ ಹೋಗಿದ್ದರೆ ಕ್ಯಾಮೆರಾ ನಿಂತ ಎತ್ತರದಲ್ಲೇ ನಿಂತು, ನೇಕಾರರ ನೆತ್ತಿ ತೆಗೆದುಕೊಂಡು ಬರುತ್ತಿದ್ದರು.

ಅದೇ ತಂಡ ಈಗ ಮುಧೋಳ ಕಡೆಯ ಬೆಲ್ಲದ ಗಾಣದ ಮೇಲೆ ಒಂದು ಹಾಡು ಮಾಡುತ್ತಿದೆ. ನಿರ್ದೇಶಕ ಮೊನ್ನೆ ಮೊದಲ ಹಾಳೆ ಕಳಿಸಿದ. ಅದರಲ್ಲಿ ಇನ್ನೂ ಚಿತ್ರವಿಲ್ಲ. ಗಾಣ ಎಷ್ಟು ಗಂಟೆಗೆ ಶುರು, ಕೊಪ್ಪರಿಗೆ ಇಳಿಸುವುದು ಎಷ್ಟು ಹೊತ್ತಿಗೆ, ಹೊಗೆ ಯಾವ ದಿಕ್ಕಿಗೆ ಹೋಗುತ್ತದೆ, ಕ್ಯಾಮೆರಾ ಇಟ್ಟರೆ ಯಾರ ಕೆಲಸಕ್ಕೆ ಅಡ್ಡಿ ಅಂತ ಬರೆದಿದ್ದಾನೆ. ಹಾಡಿನ ಬಾರ್ ಲೆಕ್ಕ ಅದರ ಪಕ್ಕದಲ್ಲಿದೆ.